ಮನೋರಮೆಯ ಪಾಲು ಯಾರಿಗೆ?

ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವರಿಗೆ ಗುಂಪು ಮಂಡನೆಯಲ್ಲಿ ಏನು ನಡೆಯುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಐದು ಜನ ವಿದ್ಯಾರ್ಥಿಗಳು, ಒಂದು ಪಠ್ಯ, ಒಂದು ತಾಸಿನೊಳಗೆ ಮುಗಿಯಬೇಕಾದ ಮಾತು. ಮೊದಲ ದಿನವೇ ಅದು ಕೂಡುಕುಟುಂಬದ ಆಸ್ತಿಯಂತೆ ಪಾಲಾಗುತ್ತದೆ. ಕವಿಪರಿಚಯ ಒಬ್ಬರಿಗೆ, ಕಥಾಸಾರ ಒಬ್ಬರಿಗೆ, ಪಾತ್ರಚಿತ್ರಣ ಮತ್ತೊಬ್ಬರಿಗೆ. ಭಾಷೆ ಮತ್ತು ಶೈಲಿ ಯಾರಿಗೂ ಬೇಡವಾದ ಗುಡ್ಡದ ಜಾಗ. ಕೊನೆಗೆ ಉಳಿಯುವ ಉಪಸಂಹಾರ ಅವತ್ತು ರಜೆ ಹಾಕಿದವರ ತಲೆಗೆ. ಕವಿಪರಿಚಯ ಸಿಕ್ಕವರ ಮುಖ ನೋಡಬೇಕು! ಹುಟ್ಟಿದ ಊರು, ತಂದೆ ತಾಯಿ, ಕೃತಿಗಳು, ಪ್ರಶಸ್ತಿಗಳು ಎಂದು ಓದಿ ಮುಗಿಸಿದರೆ ಅವರ ಹೊಣೆ ತೀರಿತು. ಮಂಡನೆಯ ದಿನ ಒಬ್ಬರು ಮಾತನಾಡುತ್ತಿರುವಾಗ ಉಳಿದ ನಾಲ್ವರು ಕಪ್ಪುಹಲಗೆಗೆ ಒರಗಿ ನಿಂತು ತಮ್ಮ ತಮ್ಮ ಹಾಳೆಗಳಲ್ಲಿ ಮುಳುಗಿರುತ್ತಾರೆ. ತರಗತಿ ಕೇಳುವುದಿಲ್ಲ ಎಂಬುದು ಹಳೆಯ ದೂರು. ಮಂಡಿಸುವ ಗುಂಪೇ ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಳ್ಳುವುದಿಲ್ಲ ಎಂದು ಯಾರೂ ದೂರಿದ್ದನ್ನು ನಾನು ಕಾಣೆ.

ಉಡುಪಿಯಲ್ಲಿದ್ದು ಇದನ್ನು ನೋಡುವಾಗ ನನಗೆ ಸಿಟ್ಟಿಗಿಂತ ಸೋಜಿಗವೇ ಹೆಚ್ಚು. ಮಳೆಗಾಲಕ್ಕೆ ಮುಂಚೆ ತುಳುನಾಡಿನಲ್ಲಿ ಬರುವ ಪತ್ತನಾಜೆಯ ದಿನದ ಹೊತ್ತಿಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಆಮೇಲೆ ಮಳೆಗಾಲವಿಡೀ ದೇವಸ್ಥಾನದ ಚಾವಡಿಯಲ್ಲಿ, ಸಭಾಭವನಗಳಲ್ಲಿ, ಯಾರದೋ ಮನೆಯ ಜಗಲಿಯಲ್ಲಿ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಚೆಂಡೆ ಮದ್ದಳೆ ನಿಲ್ಲುತ್ತವೆ, ಎದುರು ಬದುರು ಕುಳಿತು ಆ ಪದ್ಯಕ್ಕೆ ಅರ್ಥ ಹೇಳುವ ಅರ್ಥಧಾರಿಗಳು ಬರಿಯ ಮಾತಿನಲ್ಲಿ ವಾಲಿಯನ್ನೂ ರಾಮನನ್ನೂ ಕಟ್ಟಿ ನಿಲ್ಲಿಸುತ್ತಾರೆ. ನಾಲ್ಕಾರು ಜನ ಸೇರಿ ಒಂದು ಪಠ್ಯವನ್ನು ಸಭೆಯ ಮುಂದೆ ಮಾತಿನಲ್ಲಿ ಬೆಳೆಸುವ ವಿದ್ಯೆ ಈ ಊರಿಗೆ ಪಠ್ಯಕ್ರಮದ ಸುತ್ತೋಲೆಯಿಂದ ಬಂದದ್ದಲ್ಲ. ಭಾನುವಾರ ಅಜ್ಜನ ಪಕ್ಕ ಕುಳಿತು ಅದನ್ನು ಕೇಳಿದ ಹುಡುಗನೇ ಸೋಮವಾರ ತರಗತಿಗೆ ಬಂದು ಹಾಳೆ ಹಿಡಿದು ನಡುಗುತ್ತಾನೆ. ಈ ಎರಡಕ್ಕೂ ಸಂಬಂಧವಿದೆ ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ.

ಈ ಸಲ ಒಂದು ಗುಂಪಿಗೆ ಬಂದದ್ದು ಮುದ್ದಣನ ಶ್ರೀರಾಮಾಶ್ವಮೇಧದ ಆರಂಭದ ಭಾಗ. ಪಠ್ಯಪುಸ್ತಕಗಳಲ್ಲಿ 'ಮುದ್ದಣ ಮನೋರಮೆಯರ ಸಲ್ಲಾಪ' ಎಂಬ ಹೆಸರಿನಲ್ಲಿ ಮತ್ತೆ ಮತ್ತೆ ಬರುವ ಭಾಗವದು. ಮಳೆಗಾಲ, ಬೇಸರ, ಗಂಡನ ಬಾಯಿಂದ ಒಂದು ಕಥೆ ಕೇಳಬೇಕೆಂದು ಮನೋರಮೆಗೆ ಆಸೆ. ಅವನು ಹೇಳಲು ಸಿದ್ಧ. ಆದರೆ ಯಾವ ಕಥೆ, ಯಾವ ಧಾಟಿ ಎಂಬುದನ್ನೆಲ್ಲ ಗೊತ್ತುಮಾಡುವವಳು ಅವಳು. ಪದ್ಯದಲ್ಲಿ ಹೇಳಲೋ ಗದ್ಯದಲ್ಲಿ ಹೇಳಲೋ ಎಂದರೆ 'ಪದ್ಯಂ ವಧ್ಯಂ, ಗದ್ಯಂ ಹೃದ್ಯಂ' ಎಂದು ಒಂದೇ ಏಟಿಗೆ ತೀರ್ಪು ಕೊಡುತ್ತಾಳೆ. ಸರಿ ಎಂದು ಅವನು ಸಂಸ್ಕೃತ ಸಮಾಸಗಳ ದೊಡ್ಡ ಸರಪಳಿಯನ್ನೇ ಎಳೆಯಲು ತೊಡಗಿದರೆ ಮೊದಲ ವಾಕ್ಯವೂ ಮುಗಿಯುವ ಮುನ್ನ ತಡೆಯುತ್ತಾಳೆ: 'ನೀರಿಳಿಯದ ಗಂಟಲೊಳ್ ಕಡುಬಂ ತುರುಕಿದಂತಾಯ್ತು.' ಅವನು ವಾದಿಸುತ್ತಾನೆ, ಅವಳು ಚುಚ್ಚುತ್ತಾಳೆ, ಕೊನೆಗೆ ಒಪ್ಪಂದವಾಗುತ್ತದೆ. ಕರಿಮಣಿಯ ಸರದಲ್ಲಿ ಹವಳ ಪೋಣಿಸಿದ ಹಾಗೆ ನಡುನಡುವೆ ಮಾತ್ರ ಸಂಸ್ಕೃತ, ಉಳಿದದ್ದು ತಿರುಳ್ಗನ್ನಡ. ಆ ಮೇಲೆ ರಾಮನ ಕುದುರೆ ಹೊರಡುತ್ತದೆ.

ಇದನ್ನು ಎಷ್ಟೋ ವರ್ಷಗಳಿಂದ ದಾಂಪತ್ಯದ ಸರಸ ಎಂದು ಪಾಠ ಮಾಡುತ್ತಾ ಬಂದಿದ್ದೇವೆ. ಸರಸ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಮಂಡನೆಗೆ ಕುಳಿತ ಹುಡುಗರ ಜೊತೆ ಓದುವಾಗ ಇದು ಬೇರೆಯದೇ ಆಗಿ ಕಾಣುತ್ತದೆ. ಒಬ್ಬ ಹೇಳುಗ, ಎದುರಿಗೆ ಒಬ್ಬಳು ಕೇಳುವವಳು. ಹೇಗೆ ಹೇಳಿದರೆ ಅವಳಿಗೆ ದಕ್ಕುತ್ತದೆ ಎಂಬುದರ ಮೇಲೆ ಇಬ್ಬರ ಜಗಳ. ಬಾಯ್ಮಾತಿನ ಮಂಡನೆಯ ಬಗ್ಗೆ ನಾನು ಕೊಡಬಹುದಾದ ಸೂಚನೆಗಳೆಲ್ಲ ಅಲ್ಲೇ ಇವೆ, ಅದೂ ನನಗಿಂತ ನೂರು ಪಾಲು ಚೆನ್ನಾಗಿ. ಅದಕ್ಕೇ ಆ ಗುಂಪಿಗೆ ಹೆಚ್ಚೇನೂ ಹೇಳಲು ಹೋಗಲಿಲ್ಲ.

ಮುದ್ದಣ ಇಲ್ಲಿಯವನು ಎಂಬುದು ಇನ್ನೊಂದು ಅನುಕೂಲ. ನಂದಳಿಕೆಯ ಲಕ್ಷ್ಮೀನಾರಣಪ್ಪ, 1870ರಿಂದ 1901ರವರೆಗಿನ ಬದುಕು, ಮೂವತ್ತೊಂದರ ವಯಸ್ಸಿನಲ್ಲಿ ಕ್ಷಯಕ್ಕೆ ಬಲಿ. ಉಡುಪಿಯ ಶಾಲೆಯಲ್ಲಿ ಮಕ್ಕಳಿಗೆ ವ್ಯಾಯಾಮ ಕಲಿಸುತ್ತಿದ್ದ ಮೇಷ್ಟ್ರು, ಮುಂದೆ ಕನ್ನಡ ಪಂಡಿತ. ರತ್ನಾವತಿ ಕಲ್ಯಾಣ, ಕುಮಾರ ವಿಜಯ ಎಂಬ ಎರಡು ಯಕ್ಷಗಾನ ಪ್ರಸಂಗಗಳ ಕರ್ತೃ. ತನ್ನ ಕೃತಿಗಳನ್ನು ಯಾವನೋ ಹಳೆಯ ಕವಿಯದ್ದೆಂಬಂತೆ ಮೈಸೂರಿನ ಪತ್ರಿಕೆಗೆ ಕಳುಹಿಸಿ ಅಚ್ಚಾದದ್ದನ್ನು ಕಂಡವನು. ಮುದ್ದಣನೆಂದರೆ ಈ ಡ್ರಿಲ್ ಮೇಷ್ಟ್ರು ಎಂದು ಲೋಕಕ್ಕೆ ಖಚಿತವಾಗುವ ಹೊತ್ತಿಗೆ ಅವನಿರಲಿಲ್ಲ. ಗುಂಪಿನಲ್ಲಿ ಒಬ್ಬ ಹುಡುಗ ಬೆಳ್ಮಣ್ಣಿನ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವವನು. ನಂದಳಿಕೆ ಅವನಿಗೆ ತುಳುವರು ಆರಾಧಿಸುವ ಸಿರಿಯ ಜಾತ್ರೆಯ ಊರು. ಹುಣ್ಣಿಮೆಯ ರಾತ್ರಿ ಅಲ್ಲಿ ಸಿರಿ ಮೈಮೇಲೆ ಬರುವ ಹೆಂಗಸರು ಸೇರುವುದನ್ನು ನೋಡಿದ್ದ. ಮುದ್ದಣ ಅದೇ ಊರಿನವನು ಎಂಬುದನ್ನು ಮಾತ್ರ ತಲೆಗೆ ಹಚ್ಚಿಕೊಂಡಿರಲಿಲ್ಲ. ಸಿರಿಯ ಕಥೆಯೂ ಬಾಯಿಂದ ಬಾಯಿಗೆ ಬಂದದ್ದೇ ತಾನೆ? ಮಾಚಾರು ಗೋಪಾಲ ನಾಯ್ಕರು ಹೇಳಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರ ತಂಡ ದಾಖಲಿಸಿ 1998ರಲ್ಲಿ ಪ್ರಕಟಿಸಿದಾಗ ಅದು 15,683 ಸಾಲು ತೂಗಿತು. ಇದನ್ನು ಹೇಳಿದಾಗ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಮೇಡಂ, ನಮಗೆ ಬರೇ ಎಂಟು ಪುಟ ಉಂಟು" ಎಂದ. ಆ ಎಂಟು ಪುಟಕ್ಕೆ ಅವನು ಆವರೆಗೆ ಮಾಡುತ್ತಿದ್ದ ಗೋಳು ನಿಂತಿತು.

ಅವರ ಮೊದಲ ಕೂಟ ಗ್ರಂಥಾಲಯದ ಹಿಂಬದಿಯ ಮೇಜಿನಲ್ಲಿ. ನಾನು ಪಕ್ಕದಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ, ಕಿವಿ ಅತ್ತಲೇ ಇತ್ತು. ಪಾಲುಪಟ್ಟಿ ಎಂದಿನಂತೆ ಆಗಿ ಮುಗಿದಿತ್ತು. ಭಾಷೆ ಮತ್ತು ಶೈಲಿ ಸಿಕ್ಕಿದ್ದ ಹುಡುಗ ಮೊಬೈಲ್ ತೆಗೆದು ತಾನು ಸಿದ್ಧಪಡಿಸಿಕೊಂಡದ್ದನ್ನು ಓದತೊಡಗಿದ: "ಮುದ್ದಣನ ಗದ್ಯವು ಬಹುಆಯಾಮದ ಸಾಂಸ್ಕೃತಿಕ ಸಂವೇದನೆಗಳ ಸಮನ್ವಯಾತ್ಮಕ ಅಭಿವ್ಯಕ್ತಿಯಾಗಿ ಹೊರಹೊಮ್ಮುವ ಮೂಲಕ..." ಅಷ್ಟರಲ್ಲಿ ಎದುರು ಕುಳಿತ ಹುಡುಗಿ ಕೈ ಅಡ್ಡ ಹಿಡಿದಳು. ಕೊಂಕಣಿ ಮನೆಮಾತಿನವಳು, ತರಗತಿಯಲ್ಲಿ ಬಾಯಿ ಬಿಡುವುದೇ ಅಪರೂಪ.

"ತಡೆ ತಡೆ. ನೀರಿಳಿಯದ ಗಂಟಲೊಳ್ ಕಡುಬಂ ತುರುಕಿದಂತಾಯ್ತು."

ಮೇಜಿಗೆ ಮೇಜೇ ನಕ್ಕಿತು. ಗ್ರಂಥಪಾಲಕರು ತಲೆ ಎತ್ತಿ ನೋಡಿದರು. ಹುಡುಗನಿಗೆ ಮುಖಭಂಗ. "ಅರ್ಥ ಆಗದಿದ್ದರೆ ಕೇಳು, ನಗುವುದು ಯಾಕೆ?" ಎಂದ.

"ಸರಿ, ಕೇಳಿದೆ. ಸಮನ್ವಯಾತ್ಮಕ ಎಂದರೆ ಏನು?"

ಅವನು ಮೊಬೈಲ್ ನೋಡಿದ. ಮೊಬೈಲಿನಲ್ಲಿ ಅದರ ಮುಂದಿನ ವಾಕ್ಯವಿತ್ತೇ ಹೊರತು ಅರ್ಥವಿರಲಿಲ್ಲ.

ಆ ವಾಕ್ಯ ಮನುಷ್ಯರು ಬರೆದದ್ದೋ ಯಂತ್ರ ಹೊಸೆದದ್ದೋ ಎಂದು ನಾನು ವಿಚಾರಿಸಲಿಲ್ಲ. ಇತ್ತೀಚೆಗೆ ವ್ಯತ್ಯಾಸ ಹೇಳುವುದು ಕಷ್ಟ. ನಮ್ಮ ಕೆಲವು ವಿಮರ್ಶಾ ಗ್ರಂಥಗಳೇ ಯಂತ್ರಗಳಿಗೆ ಮೇಲ್ಪಂಕ್ತಿ ಹಾಕಿಕೊಟ್ಟಿವೆ. ಅದೇನೇ ಇರಲಿ, ಆ ಕ್ಷಣದಲ್ಲಿ ಮಂಡನೆಗೆ ಬೇಕಾದದ್ದು ಅವರ ಮೇಜಿನ ಮೇಲೆ ಬಂದು ಬಿದ್ದಿತ್ತು. ನಾನು ಒಂದೇ ಮಾತು ಹೇಳಿದೆ: "ಮನೋರಮೆಯ ಪಾಲು ಯಾರಿಗೆ ಎಂದು ನಿಮ್ಮ ಪಟ್ಟಿಯಲ್ಲಿ ಇಲ್ಲವಲ್ಲ?"

ಪಟ್ಟಿ ಹರಿಯಿತು. ಹೊಸ ಏರ್ಪಾಡು ಹೀಗಾಯಿತು. ಕೊಂಕಣಿ ಹುಡುಗಿ ಮನೋರಮೆ. ಅವಳಿಗೆ ಹಾಳೆಯಿಲ್ಲ, ಸಿದ್ಧಪಡಿಸಿದ ಭಾಷಣವಿಲ್ಲ. ಅರ್ಥವಾಗದ ಕಡೆ, ಬೇಸರವಾದ ಕಡೆ ತಡೆಯುವುದಷ್ಟೇ ಕೆಲಸ. ಸಮನ್ವಯಾತ್ಮಕ ಹುಡುಗ ಮುದ್ದಣನ ವಕೀಲ. ಸಂಸ್ಕೃತದ ಪರವಾಗಿಯೂ ಅವನೇ ವಾದಿಸಬೇಕು. ಬೆಳ್ಮಣ್ಣಿನವನು ಭಾಗವತ. ಮೂಲದ ಸಾಲುಗಳನ್ನು ಓದುವುದು, ಮಾತು ದಾರಿ ತಪ್ಪಿದರೆ ಮುಂದಿನ ಸಾಲು ಎತ್ತಿ ಎಲ್ಲರನ್ನೂ ಪಠ್ಯಕ್ಕೆ ಎಳೆದು ತರುವುದು, ಗಂಟೆಯ ಮೇಲೆ ಕಣ್ಣಿಡುವುದು ಅವನ ಜವಾಬ್ದಾರಿ. ಉಳಿದ ಇಬ್ಬರಲ್ಲಿ ಒಬ್ಬಳು ಕವಿಯ ಬದುಕನ್ನು, ಇನ್ನೊಬ್ಬ ಆ ಕಾಲವನ್ನು ಓದಿಕೊಂಡು ಬರಬೇಕು. ಆದರೆ ತಾವಾಗಿ ಎದ್ದು ಉಪನ್ಯಾಸ ಕೊಡುವಂತಿಲ್ಲ. ಯಾರಾದರೂ ಕೇಳಿದಾಗ, ಅಲ್ಲಿಗೆ ಬೇಕಾದಷ್ಟು ಮಾತ್ರ.

ಈ ಕೊನೆಯ ನಿಯಮಕ್ಕೆ ಅವರಿಬ್ಬರೂ ಬಹಳ ಗೊಣಗಿದರು. ಓದಿದ್ದನ್ನೆಲ್ಲ ಹೇಳಲು ಸಿಗದಿದ್ದರೆ ಓದುವುದು ಯಾಕೆ ಎಂಬುದು ಅವರ ವಾದ. ಅರ್ಥಧಾರಿಗಳನ್ನು ಕೇಳಿ ಎಂದೆ. ಶೇಣಿ ಗೋಪಾಲಕೃಷ್ಣ ಭಟ್ಟರ ಹಳೆಯ ಧ್ವನಿಮುದ್ರಣಗಳು ಈಗ ಮೊಬೈಲಿನಲ್ಲೇ ಸಿಗುತ್ತವೆ. 1918ರಲ್ಲಿ ಹುಟ್ಟಿ 2006ರವರೆಗೆ ಬದುಕಿದ ಶೇಣಿಯವರು ಪುರಾಣ, ತರ್ಕ, ಲೋಕಾನುಭವ ಎಲ್ಲವನ್ನೂ ಅರಗಿಸಿಕೊಂಡು ಕುಳಿತವರು. ಆದರೆ ಅವರ ವಾಲಿ ತನಗೆ ಗೊತ್ತಿರುವುದನ್ನೆಲ್ಲ ಒದರುವುದಿಲ್ಲ. ಎದುರಿನ ರಾಮ ಏನು ಹೇಳಿದ ಎಂಬುದನ್ನು ಹಿಡಿದು, ಅದರ ಬಾಲ ತಿರುಚಿ, ಅವನ ಮುಂದೆಯೇ ಇಡುತ್ತಾನೆ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ಎಂಬ ಪ್ರಶ್ನೆ ಪ್ರಸಂಗದ ಪದ್ಯದಲ್ಲೇ ಇದೆ. ಅದು ಎಲ್ಲರಿಗೂ ಗೊತ್ತು. ಆ ದಿನ ಎದುರು ಕುಳಿತ ರಾಮನ ಉತ್ತರ ಏನು ಎಂಬುದು ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಅದನ್ನು ಕೇಳಿಸಿಕೊಳ್ಳದ ವಾಲಿ ಎಷ್ಟೇ ವಿದ್ವಾಂಸನಾದರೂ ಸಭೆಗೆ ಬೇಸರ ಬರುತ್ತದೆ. ಎದುರಿನವರ ಮಾತಿನ ಕೊನೆಯ ಎಳೆಯನ್ನು ಎತ್ತಿಕೊಳ್ಳುವುದೇ ಅಲ್ಲಿಯ ಮುಖ್ಯ ವಿದ್ಯೆ. ನಮ್ಮ ತರಗತಿಗಳಲ್ಲಿ ಒಬ್ಬ ಮುಗಿಸಿ ಕುಳಿತ ಮೇಲೆ ಇನ್ನೊಬ್ಬ "ಎಲ್ಲರಿಗೂ ಶುಭ ಮುಂಜಾನೆ" ಎಂದು ಮೊದಲಿನಿಂದ ಶುರು ಮಾಡುತ್ತಾನೆ. ಐದು ಸಲ ಮುಂಜಾನೆಯಾಗುವ ಆ ತಾಸನ್ನು ನೆನೆದರೆ ನನಗೆ ಈಗಲೂ ಆಕಳಿಕೆ ಬರುತ್ತದೆ.

ಓದುವ ಅಭ್ಯಾಸಕ್ಕೆ ಬಂದಾಗ ತೊಡಕು ಬೇರೆ. ಹಳೆಗನ್ನಡವನ್ನು ಕಣ್ಣಿನಲ್ಲಿ ಓದುವುದು ಒಂದು, ಗಟ್ಟಿಯಾಗಿ ಓದುವುದು ಇನ್ನೊಂದು. 'ಓವೊ! ಕಾಲಪುರುಷಂಗೆ ಗುಣಮಣಮಿಲ್ಲಂಗಡ' ಎಂಬ ಸಾಲನ್ನು ಭಾಗವತ ಹುಡುಗ ಒಂದೇ ಉಸಿರಿನಲ್ಲಿ ಓದಿ, ಗುಣಮಣ ಎಂಬಲ್ಲಿ ಎಲ್ಲರನ್ನೂ ನಗಿಸಿದ. ಎಲ್ಲಿ ಬಿಡಬೇಕೆಂದು ಪೆನ್ಸಿಲಿನಲ್ಲಿ ಗೆರೆ ಹಾಕಿಸಿದೆ: ಗುಣಂ, ಅಣಂ, ಇಲ್ಲಂ, ಗಡ. ಒಂದಿಷ್ಟೂ ಗುಣವಿಲ್ಲವಂತೆ ಈ ಕಾಲನಿಗೆ! ಹೊರಗೆ ಆಗಸ್ಟಿನ ಮಳೆ ಹುಯ್ಯುತ್ತಿತ್ತು, ಒಳಗೆ ಒಬ್ಬೊಬ್ಬರ ಕೊಡೆಯಿಂದಲೂ ನೀರು ಸೋರುತ್ತಿತ್ತು. ಕಾಲಪುರುಷನಿಗೆ ಬೈಯುವ ಸಾಲಿಗೆ ಟಿಪ್ಪಣಿ ಬೇಕಾಗಲಿಲ್ಲ. ಹುಡುಗ ಆ ಸಾಲನ್ನು ಬಸ್ಸಿನಲ್ಲಿ, ಬಸ್ ನಿಲ್ದಾಣದಲ್ಲಿ, ಅಜ್ಜರಕಾಡಿನ ಪಾರ್ಕಿನಲ್ಲಿ ಹೇಳಿಕೊಳ್ಳುತ್ತಾ ತಿರುಗಿದನಂತೆ. ಪಕ್ಕದ ಸೀಟಿನವರು ಎದ್ದು ಬೇರೆ ಕಡೆ ಹೋದರೆಂದು ಹೆಮ್ಮೆಯಿಂದ ಹೇಳಿಕೊಂಡ.

ಬಾಯಿಪಾಠದ ಬಗ್ಗೆ ಈಗ ಎಲ್ಲರಿಗೂ ತಾತ್ಸಾರ. ತರಬೇತಿ ಶಿಬಿರಗಳಲ್ಲಿ ಅದನ್ನು ರೋಗವೆಂಬಂತೆ ಮಾತನಾಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಗುಂಪಿನಲ್ಲಿ ಕವಿಯ ಬದುಕನ್ನು ಓದಿಕೊಂಡು ಬಂದವಳು ಕೋಟದ ಕಡೆಯ ಹುಡುಗಿ. ಸಭೆಯಲ್ಲಿ ನಿಂತರೆ ಕಾಲು ನಡುಗುವ ಜಾತಿ. ಬರೆದುಕೊಂಡು ಉರುಹೊಡೆಯಲೇ ಎಂದು ಅಂಜುತ್ತಾ ಕೇಳಿದಳು. ಮಾತಿನ ನಡುವೆ ತಿಳಿಯಿತು, ಚಿಕ್ಕಂದಿನಲ್ಲಿ ಅವಳು ಹೂವಿನಕೋಲಿನಲ್ಲಿ ಕೃಷ್ಣನ ಅರ್ಥ ಹೇಳಿದವಳು. ಬಡಗು ಸೀಮೆಯವರಿಗೆ, ಎಂದರೆ ಉಡುಪಿಯಿಂದ ಉತ್ತರಕ್ಕಿರುವವರಿಗೆ, ಇದು ಗೊತ್ತು. ನವರಾತ್ರಿಯ ಹೊತ್ತಿನಲ್ಲಿ ಭಾಗವತರು, ಮದ್ದಳೆಯವರು, ಹೂವು ಕಟ್ಟಿದ ಕೋಲು ಹಿಡಿದ ಮಕ್ಕಳು ಮನೆಮನೆಗೆ ಬರುತ್ತಾರೆ. ಮಕ್ಕಳು ಎದುರು ಬದುರು ಕುಳಿತು ಪ್ರಸಂಗದ ಒಂದು ತುಣುಕನ್ನು ಮಾತಿನಲ್ಲಿ ನಡೆಸಿಕೊಡುತ್ತಾರೆ, ಮನೆಯವರಿಗೆ ಹರಸಿ ಹೋಗುತ್ತಾರೆ. ಆ ಮಾತೆಲ್ಲ ಗುರುಗಳು ಕಲಿಸಿದ್ದು, ಅಕ್ಷರ ಅಕ್ಷರ ಬಾಯಿಪಾಠ. ಹತ್ತು ವರ್ಷದ ಮಗು ಅರ್ಥ ಗೊತ್ತಿಲ್ಲದಿದ್ದರೂ ಗತ್ತಿನಿಂದ "ಎಲೈ ಅರ್ಜುನನೇ" ಎನ್ನುತ್ತದೆ. ಆ ಗತ್ತು ಒಮ್ಮೆ ನಾಲಿಗೆಗೆ ಹತ್ತಿದರೆ ಮುಂದೆ ಅದರ ಮೇಲೆ ಸ್ವಂತ ಮಾತು ಕೂರುತ್ತದೆ. ತಾಳಮದ್ದಳೆಯ ಕಟ್ಟು ಕೂಡ ಇದೇ. ಪದ್ಯ ಖಚಿತ, ಅರ್ಥ ಸ್ವತಂತ್ರ. ಪದ್ಯದ ಒಂದಕ್ಷರ ಬದಲಿಸುವಂತಿಲ್ಲ, ಅರ್ಥವನ್ನು ನಿನ್ನೆಯ ಹಾಗೆಯೇ ಇಂದೂ ಹೇಳುವವನನ್ನು ಯಾರೂ ಮೆಚ್ಚುವುದಿಲ್ಲ.

ನಮ್ಮ ವಿದ್ಯಾರ್ಥಿಗಳು ಮಾಡುವುದು ಇದರ ತಿರುಗುಮುರುಗು. ಕವಿಯ ಸಾಲು ಒಂದೂ ಬಾಯಿಗೆ ಬರುವುದಿಲ್ಲ, ಅದರ ಮೇಲೆ ಯಾರೋ ಬರೆದ ವಿವರಣೆ ಪೂರ್ತಿ ಬಾಯಿಪಾಠ. ಹಾಗಾಗಿ ಕೋಟದ ಹುಡುಗಿಗೆ ಹೇಳಿದೆ, ಉರುಹೊಡೆ, ಮುದ್ದಣನನ್ನು ಮಾತ್ರ. ಅವನ ಬದುಕನ್ನು ನಿನ್ನ ಮನೆಯ ಹಿರಿಯರೊಬ್ಬರ ವಿಷಯ ಹೇಳಿದಂತೆ ಹೇಳು. ಎಲ್ಲರಿಗೂ ಇದೇ ನಿಯಮವಾಯಿತು. ಸಲ್ಲಾಪದ ಮೂಲ ಮಾತುಗಳು ಐವರಿಗೂ ಕಂಠಪಾಠವಾಗಬೇಕು, ವಿವರಣೆಯನ್ನು ಯಾರೂ ಬರೆದು ತರಬಾರದು. ಮೊದಲ ಅಭ್ಯಾಸದಲ್ಲಿ ಭಯಂಕರ ಮೌನಗಳು ಬಂದವು. ಎರಡನೆಯದರಲ್ಲಿ ಎಲ್ಲರೂ ಒಟ್ಟಿಗೆ ಮಾತನಾಡಿದರು. ಆಮೇಲೆ ನಿಧಾನವಾಗಿ ಹದಕ್ಕೆ ಬಂತು.

ಇಲ್ಲಿ ಮನೆಮಾತಿನ ವಿಷಯ ಹೇಳದಿದ್ದರೆ ಆಗದು. ಐವರಲ್ಲಿ ಇಬ್ಬರು ತುಳುವರು, ಒಬ್ಬಳು ಕೊಂಕಣಿ, ಒಬ್ಬ ಬ್ಯಾರಿ, ಕೋಟದವಳಿಗೆ ಮಾತ್ರ ಮನೆಯಲ್ಲೂ ಕನ್ನಡ, ಅದೂ ಕುಂದಾಪುರದ ಕಡೆಯ ಕುಂದಗನ್ನಡ. ಕರಾವಳಿಯಲ್ಲಿ ಕನ್ನಡ ತರಗತಿ ಎಂದರೆ ಹೀಗೆಯೇ. ನಮ್ಮದು ಪುಸ್ತಕದ ಕನ್ನಡ ಎಂದು ಘಟ್ಟದ ಮೇಲಿನವರು ಛೇಡಿಸುತ್ತಾರೆ. ಹೌದು, ಪುಸ್ತಕ ಮತ್ತು ಯಕ್ಷಗಾನದಿಂದ ಕಲಿತ ಕನ್ನಡ ಪುಸ್ತಕ ಮತ್ತು ಯಕ್ಷಗಾನದ ಹಾಗೆಯೇ ಇರುತ್ತದೆ. ಸಂತೆಯಲ್ಲಿ ಇಂಗ್ಲಿಷ್ ಬೆರೆಸದೆ ನಾಲ್ಕು ಮಾತು ಆಡಲಾಗದ ಯುವಕ, ಅರ್ಥ ಹೇಳಲು ಕುಳಿತರೆ ಒಂದೇ ಒಂದು ಇಂಗ್ಲಿಷ್ ಪದ ಬಾರದಂತೆ ಗಂಟೆಗಟ್ಟಲೆ ಮಾತನಾಡುತ್ತಾನೆ. ಅಲ್ಲಿ ಇಂಗ್ಲಿಷ್ ಪದ ಜಾರಿದರೆ ಸಭೆಯೇ ಗೊಳ್ಳೆಂದು ನಗುತ್ತದೆ, ಆ ಭಯ ಸಾಕು. ಉಚ್ಚಾರಣೆಯ ವಿಷಯದಲ್ಲಿ ನಾನು ಅಷ್ಟು ಕಟ್ಟುನಿಟ್ಟಲ್ಲ. ಬ್ಯಾರಿ ಹುಡುಗ ಮಹಾಪ್ರಾಣಗಳನ್ನು ಅಲ್ಲಲ್ಲಿ ನುಂಗುತ್ತಿದ್ದ. ಅಭ್ಯಾಸ ಮುಗಿದ ಮೇಲೆ ಪಟ್ಟಿ ಮಾಡಿ ಕೊಟ್ಟೆನೇ ಹೊರತು ಮಾತಿನ ನಡುವೆ ಬಾಯಿ ಹಾಕಲಿಲ್ಲ. ಮನೋರಮೆ ತಡೆಯುವುದು ಅರ್ಥಕ್ಕಾಗಿ. ಅಕ್ಷರ ತಿದ್ದುವುದಕ್ಕೆ ಅವಳು ಮುದ್ದಣನನ್ನು ಒಮ್ಮೆಯೂ ನಿಲ್ಲಿಸಿಲ್ಲ.

ಈ ಬ್ಯಾರಿ ಹುಡುಗನೇ ಆ ಕಾಲವನ್ನು ಓದಿಕೊಂಡು ಬಂದವನು. ಮುದ್ದಣ ಬರೆಯುತ್ತಿದ್ದ ಹೊತ್ತಿನಲ್ಲಿ ಈ ಕರಾವಳಿಯಲ್ಲಿ ಮತ್ತೇನು ನಡೆಯುತ್ತಿತ್ತು ಎಂದು ಹುಡುಕಿ, ಎರಡು ಸಂಗತಿ ಹಿಡಿದು ತಂದ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಕಿಟ್ಟೆಲರ ಕನ್ನಡ ನಿಘಂಟು ಹೊರಬಂತು. 1899ರಲ್ಲಿ ಗುಲ್ವಾಡಿ ವೆಂಕಟರಾಯರ ಇಂದಿರಾಬಾಯಿ ಬಂತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ನಾವು 'ಟಿಪ್ಪಣಿ ಬರೆಯಿರಿ' ಪ್ರಶ್ನೆಗೆ ಓದುವುದು ಅದನ್ನೇ. ಒಂದೇ ಜಿಲ್ಲೆ, ಒಂದೇ ದಶಕ. ಮಂಗಳೂರಿನಲ್ಲಿ ಗದ್ಯ ಹೊಸ ಬಟ್ಟೆ ತೊಟ್ಟು ವಿಧವಾ ವಿವಾಹದ ಬಗ್ಗೆ ಮಾತನಾಡುತ್ತಿದೆ, ಉಡುಪಿಯಲ್ಲಿ ಅದೇ ಗದ್ಯ ಹಳೆಗನ್ನಡದ ವೇಷ ಹಾಕಿ ರಾಮನ ಕಥೆ ಹೇಳುತ್ತಿದೆ. ಇದು ಹತ್ತು ನಿಮಿಷದ ಉಪನ್ಯಾಸವಾಗಬಹುದಿತ್ತು. ನಿಯಮದ ಪ್ರಕಾರ ಅವನು ಕಾದು ಕುಳಿತ. ಮನೋರಮೆ 'ಪದ್ಯಂ ವಧ್ಯಂ' ಎಂದಾಗ ಮುದ್ದಣನ ವಕೀಲ, "ಇಷ್ಟು ಧೈರ್ಯ ನಿನಗೆ ಎಲ್ಲಿಂದ ಬಂತು?" ಎಂದು ಕೇಳಿದ. ಆಗ ಇವನು ಎದ್ದು ನಿಂತು, "ಅವಳೊಬ್ಬಳೇ ಅಲ್ಲ, ಆ ಹೊತ್ತಿನಲ್ಲಿ ಊರೇ ಗದ್ಯ ಕೇಳುತ್ತಿತ್ತು" ಎಂದು ಶುರು ಮಾಡಿ ಎರಡೇ ನಿಮಿಷದಲ್ಲಿ ಮುಗಿಸಿದ. ತರಗತಿಯ ಹಿಂದಿನ ಬೆಂಚು ಕೂಡ ಬರೆದುಕೊಂಡಿತು.

ಪರದೆಯ ವಿಷಯ ಒಂದೆರಡು ಮಾತಿನಲ್ಲಿ ಮುಗಿಸುತ್ತೇನೆ. ಗುಂಪು ಮಂಡನೆಗೆ ಪವರ್ ಪಾಯಿಂಟ್ ಕಡ್ಡಾಯ ಎಂದು ಹುಡುಗರು ಯಾಕೋ ನಂಬಿದ್ದಾರೆ. ಗುಲಾಬಿ ಹೂವಿನ ಹಿನ್ನೆಲೆಯ ಮೇಲೆ ಹಳದಿ ಅಕ್ಷರ, ಅದನ್ನೇ ಸಭೆಗೆ ಬೆನ್ನು ಹಾಕಿ ಓದುವುದು. ಮೂಲದ ಸಾಲುಗಳನ್ನು ದೊಡ್ಡ ಅಕ್ಷರದಲ್ಲಿ ತೋರಿಸಬಹುದು, ಬೇರೇನೂ ಬೇಡ ಎಂದೆ. ಕೇಳುವವರ ಕೈಯಲ್ಲಿ ಪಠ್ಯವಿರಬೇಕು, ನಿಮ್ಮ ಅಭಿಪ್ರಾಯ ನಿಮ್ಮ ಬಾಯಲ್ಲಿರಲಿ.

ತಾಳಮದ್ದಳೆಯನ್ನು ಮಾದರಿಯಾಗಿ ಇಟ್ಟುಕೊಂಡರೆ ಅದರ ಕೆಟ್ಟ ಚಾಳಿಗಳೂ ಜೊತೆಗೇ ಬರುತ್ತವೆ. ವಾದಕ್ಕಾಗಿ ವಾದ, ಗೆಲ್ಲುವ ಹಟ, ಸಮಯದ ಪರಿವೆಯಿಲ್ಲದೆ ಎಳೆಯುವುದು. ಎದುರಿನವರಿಗೆ ಮಾತೇ ಸಿಗದಂತೆ ಒಬ್ಬರೇ ಮುಕ್ಕಾಲು ಗಂಟೆ ತಿನ್ನುವ ಅರ್ಥಧಾರಿಗಳನ್ನು ನಾವೆಲ್ಲ ಕಂಡಿದ್ದೇವೆ. ಕೇಳುಗರು ಮೆಲ್ಲನೆ ಚಹಾಕ್ಕೆ ಎದ್ದು ಹೋಗುವುದನ್ನೂ. ನಮ್ಮ ಮುದ್ದಣನ ವಕೀಲನಿಗೆ ಮಾತು ಬಂದದ್ದೇ ಬಂದದ್ದು, ಈಗ ನಿಲ್ಲಿಸುವುದು ಕಷ್ಟವಾಯಿತು. ಮನೋರಮೆ ಎರಡು ಸಲ ತಡೆದರೂ ಜಗ್ಗಲಿಲ್ಲ. ಕೊನೆಗೆ ಭಾಗವತ ಹುಡುಗ ಮುಂದಿನ ಸಾಲನ್ನು ಏರುದನಿಯಲ್ಲಿ ಎತ್ತಿಯೇಬಿಟ್ಟ. ಅರ್ಥ ಅತಿಯಾದಾಗ ಭಾಗವತರು ಪದ್ಯ ಎತ್ತಿದರೆ ಎಂಥ ದಿಗ್ಗಜನೂ ಸುಮ್ಮನಾಗಬೇಕು, ಅದು ಅಲ್ಲಿಯ ಕಾನೂನು. ಯಾರೂ ಹೇಳಿಕೊಡದೆ ಹುಡುಗ ಅದನ್ನು ಬಳಸಿದ. ನನಗೆ ಆ ಅಭ್ಯಾಸದಲ್ಲಿ ಅತ್ಯಂತ ಖುಷಿ ಕೊಟ್ಟದ್ದು ಅದೇ.

ಮಂಡನೆಯ ದಿನ ಬಹುಪಾಲು ಅಂದುಕೊಂಡಂತೆ ನಡೆಯಿತು. ಕೋಟದ ಹುಡುಗಿ ಮುದ್ದಣನ ಕೊನೆಯ ದಿನಗಳನ್ನು ಹೇಳುವಾಗ ಧ್ವನಿ ಸ್ವಲ್ಪ ಕಂಪಿಸಿತು, ಕಾಲು ನಡುಗಲಿಲ್ಲ. ಕಡುಬಿನ ಸಾಲಿಗೆ ಎದುರು ನೋಡಿದಷ್ಟೇ ನಗು ಬಂತು. ಎದುರು ನೋಡದ್ದು ಪ್ರಶ್ನೆಯ ವೇಳೆಗೆ. ಕಿಟಕಿಯ ಪಕ್ಕದ ಹುಡುಗಿಯೊಬ್ಬಳು ಎದ್ದು ನಿಂತಳು. "ಮನೋರಮೆ ಗಂಡನನ್ನು ತಡೆಯುತ್ತಾಳೆ, ತಿದ್ದುತ್ತಾಳೆ ಎಂದು ನೀವೆಲ್ಲ ಮೆಚ್ಚಿ ಹೇಳಿದಿರಿ. ಆದರೆ ಇಬ್ಬರ ಮಾತನ್ನೂ ಬರೆದವನು ಒಬ್ಬನೇ ಅಲ್ಲವೇ? ಅವಳು ಎಲ್ಲಿ ತಡೆಯಬೇಕು, ಎಲ್ಲಿ ಒಪ್ಪಬೇಕು ಎಂಬುದನ್ನೂ ಅವನೇ ಗೊತ್ತುಮಾಡಿದ್ದು. ಇದರಲ್ಲಿ ಅವಳದೇನಿದೆ?"

ಗುಂಪು ಒಬ್ಬರ ಮುಖ ಒಬ್ಬರು ನೋಡಿತು. ಇದಕ್ಕೆ ಅವರ ಬಳಿ ಸಿದ್ಧ ಉತ್ತರವಿರಲಿಲ್ಲ, ನನ್ನ ಬಳಿಯೂ ಇರಲಿಲ್ಲ. ಮುದ್ದಣನ ವಕೀಲ ಬಾಯಿ ತೆರೆದ. ಮತ್ತೆ ಎಳೆಯುತ್ತಾನೆ ಎಂದು ನಾನು ಗಡಿಯಾರ ನೋಡಿದೆ. ಅವನು ಹೇಳಿದ್ದು ಒಂದೇ ವಾಕ್ಯ. "ಬರೆಯುವಾಗ ತನ್ನನ್ನು ತಾನು ತಡೆಯಲು ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ಅದಕ್ಕೆ ಅವಳನ್ನು ಬರೆದುಕೊಂಡ."

ತರಗತಿ ತಲೆದೂಗಿತು. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಅವನ ಪಕ್ಕದಲ್ಲೇ ನಿಂತಿದ್ದ ಮನೋರಮೆ ಒಪ್ಪಲಿಲ್ಲ. "ಹಾಗಾದರೆ ಅವಳು ಕೇಳುವವಳಲ್ಲ, ಅವನ ತಿದ್ದುಪಡಿ. ಅವಳಿಗೆ ಕಥೆ ಬೇಕಾಗಿತ್ತು ಎಂಬುದನ್ನೇ ನೀನು ಬಿಟ್ಟೆ. ಮೊದಲು ಬೇಸರವಾದದ್ದು ಅವಳಿಗೆ. ಕಥೆ ಕೇಳಿದ್ದೂ ಅವಳೇ. ಅವನಿಗೆ ಹೆಂಡತಿ ಇದ್ದಳು, ಕಮಲಾ. ಮಾತು ಪೂರ್ತಿ ಅವನು ಕಟ್ಟಿದ್ದಾದರೂ ಆ ಬೇಸರ ಯಾರದೋ ಮನೆಯಲ್ಲಿ ಇದ್ದದ್ದೇ." ಕಿಟಕಿಯ ಹುಡುಗಿ ಮತ್ತೆ ಎದ್ದಳು. ತಾಳಮದ್ದಳೆಯಲ್ಲಿ ಸೀತೆಯ ಅರ್ಥವನ್ನೂ ದ್ರೌಪದಿಯ ಅರ್ಥವನ್ನೂ ಬಹುಕಾಲ ಗಂಡಸರೇ ಹೇಳಿಕೊಂಡು ಬಂದದ್ದು, ಈಗ ಮಹಿಳೆಯರ ಕೂಟಗಳು ಅದೇ ಪದ್ಯಕ್ಕೆ ಬೇರೆ ಅರ್ಥ ಹೇಳುತ್ತಿರುವುದು ಎಲ್ಲವೂ ಬಂತು. ಗಂಟೆ ಬಾರಿಸಿದ ಮೇಲೂ ಜಗಳ ಮೊಗಸಾಲೆಯಲ್ಲಿ ಮುಂದುವರಿಯಿತು. ಮುಂದಿನ ತಾಸಿನ ಅರ್ಥಶಾಸ್ತ್ರದವರು ಬಾಗಿಲಲ್ಲಿ ಕಾದು ನಿಂತಿದ್ದರು.

ಈಗ ಅಂಕಗಳ ಕಷ್ಟ. ಕಚೇರಿಯಿಂದ ಬಂದ ನಮೂನೆಯಲ್ಲಿ ವಿಷಯ, ಭಾಷೆ, ಮಂಡನೆಯ ರೀತಿ, ಸಮಯಪಾಲನೆ ಎಂಬ ಅಂಕಣಗಳಿವೆ. ಎದುರಿನವರ ಮಾತನ್ನು ಎಷ್ಟು ಕೇಳಿಸಿಕೊಂಡರು ಎಂಬುದಕ್ಕೆ ಜಾಗವಿಲ್ಲ. ಹಾಗಾಗಿ ಅದನ್ನು ಮಂಡನೆಯ ರೀತಿಯೊಳಗೆ ಸೇರಿಸಿಕೊಂಡೆ. ಕೊಂಕಣಿ ಹುಡುಗಿ ಒಟ್ಟು ಆಡಿದ್ದು ಎಲ್ಲರಿಗಿಂತ ಕಡಿಮೆ ಮಾತು, ಬಂದದ್ದು ಎಲ್ಲರಿಗಿಂತ ಹೆಚ್ಚು ಅಂಕ. ಅದಕ್ಕೆ ಯಾರೂ ತಕರಾರು ಮಾಡಲಿಲ್ಲ. ತಕರಾರು ಬಂದದ್ದು ಭಾಗವತನಿಂದ. ತನಗೆ ಒಂದು ಅಂಕ ಕಡಿಮೆ ಯಾಕೆ ಎಂದು ಸಿಬ್ಬಂದಿ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದ.

"ಕೊನೆಯಲ್ಲಿ ಅವಳು ಅಷ್ಟು ಚೆನ್ನಾಗಿ ಉತ್ತರ ಕೊಡುತ್ತಿದ್ದಾಗ ನೀನು ಕೈಗಡಿಯಾರ ನೋಡುತ್ತಿದ್ದೆ" ಎಂದೆ.

"ಗಂಟೆ ನೋಡುವುದು ಭಾಗವತನ ಕೆಲಸ ಎಂದು ಮೊದಲ ದಿನ ಹೇಳಿದವರು ನೀವೇ ಮೇಡಂ. ಸಮಯ ಮೀರಿದ್ದು ಗೊತ್ತಿದ್ದೂ ಪದ್ಯ ಎತ್ತದೆ ಸುಮ್ಮನಿದ್ದೆನಲ್ಲ, ಅದು ಕೇಳಿಸಿಕೊಂಡದ್ದಕ್ಕೆ ಅಲ್ಲವೇ?"

ಅಂಕಪಟ್ಟಿ ಸೋಮವಾರ ಕಚೇರಿಗೆ ತಲುಪಬೇಕು. ಅವನ ಮಾತಿಗೆ ಎದುರು ಅರ್ಥ ನನಗಿನ್ನೂ ಹೊಳೆದಿಲ್ಲ.